ಅಂಗಳದ ನಳವು ಸೋರಿದಾಗ



ಗೃಹಕೃತ್ಯವೆಂದರೆ ಅಡಿಗೆ ಹೊಲಿಗೆಗಳು ಮಾತ್ರವಲ್ಲ. ಮನೆಯ ನೀರನ್ನು ಕಾಯುವದೂ ಅದರಲ್ಲಿ ಸೇರಿದೆ. ಬಳ್ಳಾರಿಯು ಮಳೆ ಕಡಿಮೆಯಾದ ಬಿಸಿಲಸೀಮೆ. ತುಂಗಭದ್ರೆಯ ದಡದ ಸಿರುಗುಪ್ಪದವರೂ ಕಲ್ಲುಗುಡ್ಡಗಳ ನಡುವಣ ಕುರುಗೋಡಿನವರೂ ಬೇಸಿಗೆಯಲ್ಲಿ ಒಂದು ಕೊಡ ನೀರಿನ ಬೆಲೆಯನ್ನು ಬಲ್ಲರು.

ಮೊದಲು ಲೆಕ್ಕವನ್ನು ನೋಡೋಣ. ಸೆಕೆಂಡಿಗೊಂದು ಹನಿಯಂತೆ ಸೋರಿದರೆ ದಿನಕ್ಕೆ 86,400 ಹನಿಗಳಾಗುವವು. 20 ಹನಿಗೆ ಸುಮಾರು ಒಂದು ಮಿಲಿಲೀಟರೆಂದು ಹಿಡಿದರೆ ದಿನಕ್ಕೆ 4 ಲೀಟರಿಗೂ ಮಿಕ್ಕು, ವರ್ಷಕ್ಕೆ ಸುಮಾರು 1,577 ಲೀಟರು. ಅಂದರೆ 10 ಲೀಟರು ಹಿಡಿಯುವ 157 ಕೊಡಗಳು. ಇಷ್ಟನ್ನು ಒಬ್ಬ ಬಾಲಕಿಯು ದೂರದಿಂದ ಹೊತ್ತು ತರಬೇಕಾದರೆ ಶಾಲೆಯ ಎಷ್ಟು ಘಂಟೆಗಳು ತಪ್ಪುವವೆಂಬದನ್ನು ತಾವೇ ಎಣಿಸಬಹುದು.

ಸೋರುವದಕ್ಕೆ ಕಾರಣವೇನು? ತಿರುಪಿನ ನಳದೊಳಗಿನ ಕಡ್ಡಿಯ ಕೆಳಗೆ ವಾಷರೆಂಬ ರಬ್ಬರಿನ ಬಿಲ್ಲೆಯಿರುವದು. ಅದು ಪೀಠದ ಮೇಲೆ ಒತ್ತಿ ಕೂತು ನೀರನ್ನು ತಡೆಯುವದು. ಬಯಲಿನ ಬಿಸಿಲಿಗೆ ರಬ್ಬರು ಗಡುಸಾಗಿ ಬಿರಿಯುವದು. ನೀರಿನ ಸುಣ್ಣವೂ ಮರಳೂ ಪೀಠವನ್ನು ಒರಟು ಮಾಡುವವು. ಆಗ ಬಲವಾಗಿ ಬಿಗಿದಷ್ಟೂ ಬಿಲ್ಲೆಯು ಸವೆಯುವದೇ ಹೊರತು ಹನಿ ನಿಲ್ಲದು.

ದುರಸ್ತಿಯ ಕ್ರಮವು ಹೀಗಿದೆ:

1. ಟಾಕಿಯಿಂದ ಬರುವ ನೀರನ್ನು ವಾಲ್ವಿನಲ್ಲಿ ನಿಲ್ಲಿಸಿ, ನಳವನ್ನು ಪೂರ್ತಿ ತಿರುವಿ ಉಳಿದ ನೀರನ್ನು ಹರಿಯಗೊಡಬೇಕು.
2. ಒಂದು ಪಾನಾದಿಂದ ನಳದ ಬುಡವನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ಮೇಲಣ ಭಾಗವನ್ನು ಎಡಕ್ಕೆ ತಿರುಗಿಸಿ ಬಿಚ್ಚಬೇಕು. ಹೀಗೆ ಹಿಡಿಯದಿದ್ದರೆ ಗೋಡೆಯೊಳಗಿನ ಹಳೆಯ ಪೈಪು ಮುರಿದೀತು.
3. ಹಳೆಯ ಬಿಲ್ಲೆಯನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತರಬೇಕು.
4. ಪೀಠವನ್ನು ಬಟ್ಟೆಯಿಂದ ಒರೆಸಿ, ಹೊಸ ಬಿಲ್ಲೆಯನ್ನು ಕೂರಿಸಿ, ಕಡ್ಡಿಯನ್ನು ಮೇಲಕ್ಕೆ ತಿರುವಿಟ್ಟುಕೊಂಡು ನಳವನ್ನು ಮತ್ತೆ ಜೋಡಿಸಬೇಕು.

ನೀರು ನಳದ ಬಾಯಿಯಿಂದಲ್ಲದೆ ಹಿಡಿಯ ಕೆಳಗಿನಿಂದ ಒಸರಿದರೆ ಅಲ್ಲಿರುವ ನಟ್ಟನ್ನು ತುಸು ಬಿಗಿದರೆ ಸಾಕು. ಪೀಠವೇ ಸವೆದಿದ್ದರೆ ಅಥವಾ ನಳವು ಬಿರಿದಿದ್ದರೆ ಹೊಸದನ್ನು ಹಾಕತಕ್ಕದ್ದು; ಅದರ ಮರೆಗಳಿಗೆ ಬಿಳಿಯ ಟೇಪನ್ನು ಬಲಸುತ್ತಾಗಿ ಸುತ್ತಬೇಕು. ಕಾಲುಸುತ್ತಿಗೇ ಮುಚ್ಚುವ ಈಗಿನ ನಳಗಳಲ್ಲಿ ಇಂಥ ಬಿಲ್ಲೆಯಿರುವದಿಲ್ಲ. ಅವುಗಳ ಒಳಭಾಗವನ್ನೇ ಬದಲಿಸಬೇಕು. ಬೀದಿಯ ನಳವನ್ನಾದರೋ ತಾವಾಗಿ ಬಿಚ್ಚದೆ, ಊರಿನ ಆಡಳಿತದ ಕಚೇರಿಗೆ ಬರೆದು ತಿಳಿಸುವದು ಯುಕ್ತ.

ಹೆಣ್ಣುಮಕ್ಕಳ ಕೈಗೆ ಪಾನಾ ಒಪ್ಪದೆನ್ನುವವರುಂಟು. ತುಂಬಿದ ಕೊಡವನ್ನು ಹೊರುವ ಕೈಗೆ ಪಾನಾ ಭಾರವಾಗದು. ಆದಕಾರಣ ಮುಂದಿನ ರಜೆಯಲ್ಲಿ ತಾಯಂದಿರು ತಮ್ಮ ಕುಮಾರಿಯರಿಗೆ ಮನೆಯ ವಾಲ್ವು ಎಲ್ಲಿದೆಯೆಂದು ತೋರಿಸಿ, ಒಂದು ಬಿಲ್ಲೆಯನ್ನು ಅವರ ಕೈಯಿಂದಲೇ ಹಾಕಿಸಲಿ.