ಪಿಎಚ್‌.ಡಿ. ಸಂದರ್ಶನಕ್ಕೆ ಹೊರಟ ಮಗಳಿಗೆ

ನೋಡವ್ವ, ಗುಂಡ್ಲುಪೇಟೆಯಿಂದ ನೀನು ಪಿಎಚ್‌.ಡಿ.ಗೆ ಹೊರಟಿರುವುದು ನನಗೆ ನಿಜವಾಗಿಯೂ ಹೆಮ್ಮೆ. 2022ರ ಯುಜಿಸಿ ನಿಯಮದಂತೆ ಪ್ರವೇಶ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30. ಮೂವತ್ತೇ ತಾನೆ ಅಂತ ಸದರ ಮಾಡಬೇಡ. ಪರೀಕ್ಷೆಯಲ್ಲಿ ಸರಿಸಮ ನಿಂತವರನ್ನು ಬೇರೆ ಮಾಡುವುದು ಅದೇ ಮೂವತ್ತು. ಗೈಡ್ ಹತ್ತಿರ ಜಾಗವಿದೆಯೇ ಎಂದು ಮೊದಲೇ ವಿಚಾರಿಸು. ಪ್ರೊಫೆಸರ್ ಒಬ್ಬರು ಏಕಕಾಲಕ್ಕೆ 8 ಜನರಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ.

ಮಲೆ ಮಾದಪ್ಪನ ಕಾವ್ಯ ಹಾಡುವ ದೇವರಗುಡ್ಡರ ಮೇಲೆ ಕೆಲಸ ಮಾಡುತ್ತೇನೆ ಅಂದೆಯಲ್ಲ, ಒಳ್ಳೆಯ ವಿಷಯ. ಆದರೆ ಪಿ.ಕೆ. ರಾಜಶೇಖರ ಅವರು 1973ರಲ್ಲೇ ಆ ಕಾವ್ಯವನ್ನು ಪ್ರಕಟಿಸಿದ್ದಾರೆ, ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಕೇಶವನ್ ಪ್ರಸಾದರ ಸಂಪಾದನೆಯೂ ಬಂದಿದೆ. ಇಷ್ಟೆಲ್ಲ ಆದಮೇಲೆ ನೀನು ಮಾಡುವುದೇನಮ್ಮ ಅಂತ ಕೇಳಿಯೇ ಕೇಳುತ್ತಾರೆ. ಆಗ ‘ನಮ್ಮ ಸಂಸ್ಕೃತಿ ಉಳಿಸಬೇಕು ಸಾರ್’ ಅಂದುಬಿಡಬೇಡ. ಅದು ಭಾಷಣಕ್ಕಾಯಿತು, ಸಂಶೋಧನೆಗೆ ಸಾಲದು.

ಮುದ್ರಣವಾಗಿರುವ ಪಠ್ಯಗಳನ್ನು ಮೊದಲು ಓದು. ಆಮೇಲೆ ಹಾಡುವವರ ಮನೆಗೇ ಹೋಗಿ ಆ ಕಾವ್ಯದ ಕಥಾಭಾಗವಾದ ಸಂಕಮ್ಮನ ಸಾಲನ್ನು ಪೂರ್ತಿ ಕೇಳು. ಕಾಡಿಗೆ ಹೊರಟ ನೀಲೇಗೌಡ ಹೆಂಡತಿ ಸಂಕಮ್ಮನಿಂದ ಭಾಷೆ ಕೇಳುವ ಕಡೆ ಹಾಡುಗಾರ ಎಲ್ಲಿ ನಿಧಾನಿಸುತ್ತಾನೆ, ಕಂಸಾಳೆ ಎಲ್ಲಿ ನಿಲ್ಲುತ್ತದೆ, ದಮ್ಮಡಿಯವರು ಯಾವ ಮಾತಿಗೆ ದನಿಗೂಡಿಸುತ್ತಾರೆ, ಎದುರಿಗೆ ಹೆಂಗಸರೇ ಕೂತಿದ್ದರೆ ಏನಾದರೂ ಬದಲಾಗುತ್ತದೆಯೇ? ಅಲ್ಲೇ ಬರೆದುಕೋ. ಪುಸ್ತಕದಲ್ಲಿ ಸಿಗದ್ದು ಒಂದೇ ಒಂದು ಕಣ್ಣಿಗೆ ಬಿದ್ದರೂ ಅದನ್ನು ಹಿಡಿದುಕೊಂಡು ಹೋಗು, ಮೂರು ವಾಕ್ಯದಲ್ಲಿ ಹೇಳುವುದನ್ನು ರೂಢಿ ಮಾಡು. ಊರಿನವಳು ಅನ್ನುವುದಷ್ಟೇ ಅರ್ಹತೆಯಲ್ಲ ಕಣವ್ವ, ಊರಿನವಳಾಗಿ ನೀನು ಏನು ಕೇಳಿಸಿಕೊಂಡೆ ಅನ್ನುವುದು ಅರ್ಹತೆ.

ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು. ಅದನ್ನು ಹೇಗೆ ಹುಡುಕುತ್ತೀಯ ಅನ್ನುವುದನ್ನೂ ಸೇರಿಸಿ ಹೇಳು. ಅವರು ಪಟ್ಟು ಹಿಡಿದು ಕೇಳಿದರೆ ನಿನ್ನನ್ನು ಸಣ್ಣವಳು ಮಾಡುತ್ತಿದ್ದಾರೆ ಅಂದುಕೊಳ್ಳಬೇಡ, ವಿಷಯ ಎಷ್ಟು ಗಟ್ಟಿ ಅಂತ ನೋಡುತ್ತಿರುತ್ತಾರೆ. ಇಂಗ್ಲಿಷ್ ತಡವರಿಸಿದರೆ ಕನ್ನಡದಲ್ಲಿ ಹೇಳಲೇ ಅಂತ ಕೇಳು. ಜಾನಪದದ ಸಂದರ್ಶನದಲ್ಲಿ ಕನ್ನಡಕ್ಕೆ ಅಂಜುವುದೇಕೆ?

ಅಂಕಪಟ್ಟಿ, ಜಾತಿ ಪ್ರಮಾಣಪತ್ರದ ಅಸಲಿಗಳನ್ನು ಇವತ್ತೇ ಜೋಡಿಸಿಡು. ಇನ್ನು ಶಿವರಾತ್ರಿ, ದೀಪಾವಳಿಗೆ ದೇವರಗುಡ್ಡರು ಮಾದಪ್ಪನ ಬೆಟ್ಟದ ಜಾತ್ರೆಯಲ್ಲಿರುತ್ತಾರೆ, ಕೂತು ಮಾತಾಡಲು ಬಿಡುವಿರುವುದಿಲ್ಲ. ಅದಕ್ಕೇ ಅವರ ಮನೆಗೆ ಈ ವಾರವೇ ಹೋಗಿ ಬಾ.