ಅಂಗಳದ ಮುಂದೆ ತಿರುಗಾಡಿದವನು

ತಂದೆತಾಯಿಗಳಿಲ್ಲದ ಎಸ್ತೇರಳನ್ನು ಮೊರ್ದೆಕೈ ಮಗಳಂತೆ ಸಾಕಿದ ಸಂಗತಿಯನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಚರಿತ್ರೆಯಲ್ಲಿರುವ ಒಂದು ಚಿಕ್ಕ ವಿಷಯವನ್ನು ನಾವು ಬೇಗನೆ ದಾಟಿಹೋಗುವದುಂಟು. ಅವಳು ಅರಮನೆಯನ್ನು ಸೇರಿದ ಮೇಲೆ ಅವನು ಭಾರ ಇಳಿಯಿತೆಂದು ಸುಮ್ಮನಿರಲಿಲ್ಲ. ದಿನಾಲು ಅಂತಃಪುರದ ಅಂಗಳದ ಮುಂದೆ ತಿರುಗಾಡುತ್ತಾ ಅವಳ ಕ್ಷೇಮವನ್ನು ವಿಚಾರಿಸುತ್ತಿದ್ದನು. ಸಾಕುವದು ಒಂದು ಕೆಲಸ. ಸಾಕಿದ ಮಗು ಹೊರಗೆ ಹೋದ ಮೇಲೆ ವಿಚಾರಿಸುವದು ಇನ್ನೊಂದು. ಈ ಎರಡನೆಯದೇ ನಮ್ಮ ಪಾಠ.

ನಮ್ಮ ಹಲಬರ್ಗಾ ಸೀಮೆಯಲ್ಲಿ ಅಜ್ಜಿಯ ಮನೆಯಲ್ಲಿಯೋ ಸೋದರಮಾವನ ಮನೆಯಲ್ಲಿಯೋ ಬೆಳೆಯುವ ಮಕ್ಕಳನ್ನು ನಾವು ಕಾಣುತ್ತೇವೆ. ಬಾಲಮಂದಿರದಲ್ಲಿ ಅಥವಾ ಸಾಕು ಕುಟುಂಬದಲ್ಲಿ ಬೆಳೆಯುವವರೂ ಉಂಟು. ೨೦೧೫ರ ಬಾಲನ್ಯಾಯ ಕಾಯಿದೆಯ ಪ್ರಕಾರ ೧೮ ವರುಷ ತುಂಬುವ ವರೆಗೆ ಮಾತ್ರ ಅವರು ಮಕ್ಕಳು. ಎರಡನೆಯ ಪಿಯುಸಿ ಮುಗಿಸಿ ಕಾಲೇಜಿನ ಬಾಗಿಲಿಗೆ ಬರುವದೂ ಅದೇ ವಯಸ್ಸಿನಲ್ಲಿ. ಹೀಗೆ ಊರುಗೋಲು ಹೆಚ್ಚಾಗಿ ಬೇಕಾದ ಹೊತ್ತಿಗೇ ಅದು ಕೈತಪ್ಪುವದು.

ನಮಗೆ ಪರಿಚಯವಿದ್ದ ಒಬ್ಬ ಹುಡುಗಿ ಒಳ್ಳೇ ಅಂಕಗಳಿಂದ ತೇರ್ಗಡೆಯಾದಳು. ಪ್ರವೇಶಕ್ಕೆ ಬೇಕಾದ ಒಂದು ಪತ್ರ ಅವಳಲ್ಲಿರಲಿಲ್ಲ; ತಾರೀಖು ದಾಟಿತು. ನಾವು ಕಂಡಾಗ ಅವಳು ತೊಗರಿಯ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. “ಕೇಳೋರು ಯಾರೂ ಇರ್ಲಿಲ್ರಿ” ಎಂದಳು. ಕೇಳದೆ ಇದ್ದವರಲ್ಲಿ ನಾವೂ ಸೇರಿದ್ದೆವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಹಾಗಾದರೆ ಮಾಡತಕ್ಕದ್ದೇನು?

೧. ಕಾಗದಗಳನ್ನು ಮುಂಚೆಯೇ ಕೂಡಿಸಿಡಬೇಕು. ಸಂವಿಧಾನದ ೩೭೧(ಜೆ) ವಿಧಿಯ ಮೇರೆಗೆ ೨೦೧೩ರಲ್ಲಾದ ಆಜ್ಞೆಯಿಂದ ನಮ್ಮ ಪ್ರಾಂತದ ಕಾಲೇಜುಗಳಲ್ಲಿ ನೂರಕ್ಕೆ ೭೦, ರಾಜ್ಯದ ಉಳಿದ ಕಡೆ ನೂರಕ್ಕೆ ೮ ಸ್ಥಾನಗಳು ಇಲ್ಲಿಯವರಿಗೆ ಮೀಸಲಾದವು. ಇದಕ್ಕೆ ಉಪವಿಭಾಗಾಧಿಕಾರಿಯ ಪ್ರಮಾಣಪತ್ರ ಬೇಕು; ಇಲ್ಲಿ ಹುಟ್ಟಿದ್ದಕ್ಕೆ ಅಥವಾ ಹತ್ತು ವರುಷ ವಾಸಿಸಿದ್ದಕ್ಕೆ ಆಧಾರ ತೋರಿಸಬೇಕು. ಹೆತ್ತವರಿಲ್ಲದ ಮಗುವಿನ ಜನನಪತ್ರ ಹುಡುಕುವದು ಕಷ್ಟ. ಆದಕಾರಣ ಅದು ಹತ್ತನೆಯ ತರಗತಿಯಲ್ಲಿರುವಾಗಲೇ ಓದಿದ ಶಾಲೆಗಳಿಂದೆಲ್ಲಾ ವ್ಯಾಸಂಗ ಪ್ರಮಾಣಪತ್ರಗಳನ್ನು ತರಿಸಿ, ಜಾತಿ ಆದಾಯದ ಪತ್ರ, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕುಗಳೊಂದಿಗೆ ಒಂದೇ ಚೀಲದಲ್ಲಿ ಇಡಿರಿ.

೨. ಹಣದ ದಾರಿಯನ್ನು ತಿಳಿದಿರಬೇಕು. ಬಾಲಮಂದಿರ ಬಿಟ್ಟವರಿಗೆ ೨೧ ವರುಷದ ವರೆಗೆ, ವಿಶೇಷ ಕಾರಣವಿದ್ದರೆ ೨೩ರ ವರೆಗೆ, ಅನುಪಾಲನೆಯ ಏರ್ಪಾಡುಂಟು. ೨೦೨೨ರ ಮಿಷನ್ ವಾತ್ಸಲ್ಯ ಯೋಜನೆಯು ಇದಕ್ಕೆ ತಿಂಗಳಿಗೆ ೪೦೦೦ ರೂಪಾಯಿಗಳನ್ನು ಗೊತ್ತುಮಾಡಿತು. ಇದು ತಾನಾಗಿ ಮನೆಬಾಗಿಲಿಗೆ ಬರುವದಿಲ್ಲ. ೧೮ ತುಂಬುವ ಮೊದಲೇ ಬೀದರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿರಿ. ಬಂಧುಗಳ ಮನೆಯಲ್ಲಿರುವ ಬಡ ಮಗುವಿಗಾಗಿ ಪ್ರಾಯೋಜಕತ್ವದ ಸಹಾಯವನ್ನೂ ಅಲ್ಲಿಯೇ ವಿಚಾರಿಸಬಹುದು. ಆದರೆ ಅದು ೧೮ರ ವರೆಗೆ ಮಾತ್ರ.

೩. ಜೊತೆಯಲ್ಲಿ ಹೋಗಬೇಕು. ನಮ್ಮೂರಿನ ರೈಲು ಒಂದು ಕಡೆ ಭಾಲ್ಕಿಗೂ ಇನ್ನೊಂದು ಕಡೆ ಬೀದರಿಗೂ ಹೋಗುತ್ತದೆ. ೨೦೨೩ರಲ್ಲಿ ಸ್ಥಾಪಿತವಾದ ಬೀದರ ವಿಶ್ವವಿದ್ಯಾಲಯವೂ ನಮ್ಮ ತಾಲ್ಲೂಕಿನ ಹಾಲಹಳ್ಳಿಯಲ್ಲಿಯೇ ಇದೆ. ಆದರೂ ಒಂಟಿಯಾದವನಿಗೆ ಹತ್ತಿರದ ಕಾಲೇಜೂ ದೂರವೇ. ಪ್ರವೇಶದ ದಿನ ಅವನ ಪಕ್ಕದಲ್ಲಿ ನಿಲ್ಲಿರಿ. ಆ ಮೇಲೆ ವಾರಕ್ಕೊಮ್ಮೆ ಕರೆಮಾಡಿ, ಉಂಡನೋ, ಪುಸ್ತಕ ಸಿಕ್ಕಿತೋ, ಯಾವ ಪಾಠ ಕಷ್ಟವೋ ಕೇಳಿರಿ. ರಜೆಯಲ್ಲಿ ಹಾಸ್ಟೆಲು ಮುಚ್ಚಿದಾಗ ಎಲ್ಲರೂ ತಮ್ಮ ಊರಿಗೆ ಹೋಗುವರು. ಅವನು ಎಲ್ಲಿಗೆ ಹೋಗಬೇಕು? ನಿಮ್ಮ ಮನೆಯಲ್ಲಿ ಒಂದು ಚಾಪೆಯೂ ಎರಡು ರೊಟ್ಟಿಯೂ ಅವನಿಗಾಗಿ ಇರಲಿ.

ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಅರಮನೆಯ ಒಳಗೆ ಹೋಗುವ ಅಧಿಕಾರ ಮೊರ್ದೆಕೈಗೂ ಇರಲಿಲ್ಲ; ಹೊರಗೆ ನಿಂತು ಕೇಳುವದನ್ನು ಮಾತ್ರ ಅವನು ಬಿಡಲಿಲ್ಲ. ಓದು ಬಾರದವರೂ ಇಷ್ಟನ್ನು ಮಾಡಬಲ್ಲರು.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು:

೧. ನಮ್ಮ ಊರಿನಲ್ಲಿ ಬರುವ ವರುಷ ೧೮ ತುಂಬುವ, ಹೆತ್ತವರಿಲ್ಲದ ಮಗು ಯಾರು?
೨. ಆ ಮಗುವಿನ ಚೀಲದಲ್ಲಿ ಯಾವ ಕಾಗದ ಇನ್ನೂ ಇಲ್ಲ?
೩. ಪ್ರವೇಶದ ದಿನ ಅದರ ಸಂಗಡ ಯಾರು ಹೋಗುವರು?