ಆ್ಯಪ್‌ಗಳನ್ನು ಅವುಗಳ ಪಾಡಿಗೆ ಬಿಡಿ

ಫೋನ್ ಕೈಗೆತ್ತಿಕೊಂಡಾಗಲೆಲ್ಲ ತೆರೆದ ಆ್ಯಪ್‌ಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳಿ ಮುಚ್ಚುತ್ತೀರಾ? ದಯವಿಟ್ಟು ಬಿಟ್ಟುಬಿಡಿ. ಇದರಿಂದ ಬ್ಯಾಟರಿ ಉಳಿಯುವುದು ಅಪರೂಪ. ಎಷ್ಟೋ ಸಲ ಇನ್ನಷ್ಟು ಖರ್ಚಾಗುತ್ತದೆ. ಆ ಸಾಲಿನಲ್ಲಿ ಕಾಣುವುದೆಲ್ಲ ಕೆಲಸ ಮಾಡುತ್ತಿರುವ ಆ್ಯಪ್ ಅಲ್ಲ. ಐಫೋನಿನಲ್ಲಿ ನೀವು ಬೇರೆ ಆ್ಯಪ್‌ಗೆ ಹೋದ ಸ್ವಲ್ಪ ಹೊತ್ತಿಗೇ ಹಿಂದಿನದು ಸಾಮಾನ್ಯವಾಗಿ ನಿದ್ದೆಗೆ ಜಾರುತ್ತದೆ: ಮೆಮೊರಿಯಲ್ಲಿ ಜಾಗ ಹಿಡಿದಿರುತ್ತದೆ, ಪ್ರೊಸೆಸರ್ ಮುಟ್ಟುವುದಿಲ್ಲ. ಜಾಗ ಸಾಲದಾದರೆ ಫೋನೇ ಅದನ್ನು ತೆಗೆಯುತ್ತದೆ. ನೀವು ಮುಚ್ಚಿದರೋ, ಮುಂದಿನ ಸಲ ಎಲ್ಲ ಮೊದಲಿನಿಂದ ಲೋಡ್ ಆಗಬೇಕು. ಒಲೆಯ ಕೆಂಡಕ್ಕೆ ನೀರು ಸುರಿದು ಮತ್ತೆ ಬೆಂಕಿ ಹೊತ್ತಿಸಿದ ಹಾಗೆ.

ಆಂಡ್ರಾಯ್ಡ್ ಮೊದಮೊದಲು ಹಿನ್ನೆಲೆ ಆ್ಯಪ್‌ಗಳಿಗೆ ಅತಿ ಸಲುಗೆ ಕೊಟ್ಟಿತ್ತು, ನಿಜ. 2015ರ ಆರನೇ ಆವೃತ್ತಿಯಲ್ಲಿ, ಬಳಸದೆ ಇಟ್ಟ ಫೋನಿನಲ್ಲಿ ಹಿನ್ನೆಲೆ ಕೆಲಸಗಳನ್ನು ತಡೆಹಿಡಿಯುವ ‘ಡೋಜ್’ ಬಂತು. 2017ರ ಎಂಟನೇ ಆವೃತ್ತಿ ಇನ್ನಷ್ಟು ಕಡಿವಾಣ ಹಾಕಿತು. ಇಷ್ಟಾದರೂ ಸಾಲದೆಂದು ಕೆಲವು ತಯಾರಕರು ತಮ್ಮದೇ ಕೊಡಲಿ ಬೀಸುತ್ತಾರೆ. ಮಾತ್ರೆ ನುಂಗಲು ನೆನಪಿಸುವ ಆ್ಯಪ್, ನಡೆದ ದೂರ ಅಳೆಯುವ ಆ್ಯಪ್ ಹೇಳದೆ ಕೇಳದೆ ನಿಂತುಹೋಗುವುದು ಹೀಗೆ. ಬೈಸಿಕೊಳ್ಳುವವರು ಮಾತ್ರ ಆ್ಯಪ್ ಬರೆದವರು! ನನ್ನ ಪ್ರಕಾರ, ಇಂಥವನ್ನು ನಿಲ್ಲಿಸುವ ಮುನ್ನ ಫೋನು ತನ್ನ ಯಜಮಾನರನ್ನು ಕೇಳಲೇಬೇಕು.

ಅಲ್ಲಿಯವರೆಗೆ, ನಿಮಗೆ ತಪ್ಪದೆ ಬೇಕಾದ ಒಂದೆರಡು ಆ್ಯಪ್‌ಗಳಿಗಷ್ಟೇ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ನಿರ್ಬಂಧ ಸಡಿಲಿಸಿ. ಹಿನ್ನೆಲೆ ಆ್ಯಪ್‌ಗಳನ್ನು ಮುಚ್ಚುವ ‘ಟಾಸ್ಕ್ ಕಿಲ್ಲರ್’, ‘ರ‍್ಯಾಮ್ ಬೂಸ್ಟರ್’ ಇದ್ದರೆ ಅಳಿಸಿಹಾಕಿ. ಆ್ಯಪ್ ಅಲುಗದೆ ಕೂತಾಗ ಮುಚ್ಚಿ ತೆರೆಯಿರಿ, ತಪ್ಪಿಲ್ಲ. ಆದರೆ ಆಂಡ್ರಾಯ್ಡಿನ ‘ಫೋರ್ಸ್ ಸ್ಟಾಪ್’ ಒತ್ತುವಾಗ ಹುಷಾರು: ನೀವೇ ಮತ್ತೆ ತೆರೆಯುವ ತನಕ ಆ ಆ್ಯಪ್‌ನಿಂದ ಸಾಮಾನ್ಯವಾಗಿ ಒಂದು ಸೂಚನೆಯೂ ಬರುವುದಿಲ್ಲ.